ಬೇರಿಂಗ್ ನಂಬರಿನಿಂದ ಬ್ಯಾಂಕ್ ಖಾತೆಯವರೆಗೆ: ಉದ್ಯಮಗಳ ಆನ್‌ಲೈನ್ ಖರೀದಿ ಪೇಟೆ ನಡೆಯುವ ಬಗೆ

(ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಖರೀದಿ ವಿಭಾಗದವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಿಮಗೊಂದು 6205 ಬೇರಿಂಗ್ ಬೇಕು ಎಂದಿಟ್ಟುಕೊಳ್ಳಿ. ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ದಪ್ಪ 15. ಪೀಣ್ಯದ ಬೇರಿಂಗ್ ಅಂಗಡಿಗೆ ಹೋಗಿ ಕೇಳಿದರೆ ಕೌಂಟರಿನಲ್ಲಿರುವವರು ಡಬ್ಬಿ ತೆಗೆಯುವ ಮೊದಲು ಎರಡು ಪ್ರಶ್ನೆ ಹಾಕುತ್ತಾರೆ: “ರಬ್ಬರ್ ಸೀಲಾ, ತಗಡಿನದಾ? ಮೋಟರಿಗಾ, ಬೇರೆ ಕಡೆಗಾ?” ಮೋಟರಿಗೆ ಎಂದರೆ ಸಿ3, ಅಂದರೆ ಒಳಗೆ ಮಾಮೂಲಿಗಿಂತ ಹೆಚ್ಚು ಸಡಿಲವಿರುವುದು, ಕೊಡುತ್ತಾರೆ. ಮೋಟರ್ ಬಿಸಿಯಾದಾಗ ಬೇರಿಂಗಿನ ಒಳಬಳೆ ಹಿಗ್ಗುತ್ತದೆ, ಗುಂಡುಗಳಿಗೆ ಇರುವ ಸಡಿಲ ಕಡಿಮೆಯಾಗುತ್ತದೆ. ಮಾಮೂಲಿ ಸಡಿಲದ ಬೇರಿಂಗ್ ಹಾಕಿದರೆ ಅದು ಇನ್ನಷ್ಟು ಬಿಸಿಯಾಗಿ ಬೇಗ ಕೆಟ್ಟುಹೋಗುತ್ತದೆ. ಹೊರಗಿನ ಅಳತೆ ಎಲ್ಲದರಲ್ಲೂ ಒಂದೇ ಇರುವುದರಿಂದ ಕೂರಿಸುವಾಗ ತಪ್ಪು ಗೊತ್ತೇ ಆಗುವುದಿಲ್ಲ.

ಆನ್‌ಲೈನ್ ಪೇಟೆಯಲ್ಲಿ ಆ ಎರಡು ಪ್ರಶ್ನೆ ಕೇಳುವವರು ಯಾರೂ ಇಲ್ಲ. 6205 ಎಂದು ಟೈಪ್ ಮಾಡಿದರೆ ಓಪನ್, ಝಡ್‌ಝಡ್ (ತಗಡಿನದು), 2ಆರ್‌ಎಸ್ (ರಬ್ಬರ್ ಸೀಲಿನದು), ಸಿ3, ಅಸಲಿ, ನಕಲಿ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ, ದರದ ಏರಿಕೆಯ ಕ್ರಮದಲ್ಲಿ. ಅತಿ ಅಗ್ಗದ್ದು ಮೇಲಿರುತ್ತದೆ. ಅದು ನಿಮ್ಮ ಕೆಲಸಕ್ಕೆ ಆಗುವುದೋ ಇಲ್ಲವೋ ಪರದೆಗೆ ಗೊತ್ತಿಲ್ಲ.

ಈ ಪೇಟೆಗಳು ದರ ಹೋಲಿಸುವ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತವೆ. ಆದರೆ ಹೋಲಿಸುತ್ತಿರುವ ಎರಡೂ ಒಂದೇ ಸರಕೇ ಎಂಬುದನ್ನೂ, ದುಡ್ಡು ಯಾವಾಗ ಕೈ ಸೇರುತ್ತದೆ ಎಂಬುದನ್ನೂ ಹೆಚ್ಚಿನಂಶ ನಮ್ಮ ತಲೆಗೇ ಕಟ್ಟುತ್ತವೆ. ಲಾಭ ನಷ್ಟ ತೀರ್ಮಾನವಾಗುವುದು ಇವೆರಡರಲ್ಲೇ. ಹಾಗಾಗಿ ಇವತ್ತಿನ ಮಾತು ದರದ ಬಗ್ಗೆ ಕಡಿಮೆ, ಅವುಗಳ ಬಗ್ಗೆ ಹೆಚ್ಚು.

ಎಲ್ಲಾ ಪೇಟೆಯೂ ಒಂದೇ ಅಲ್ಲ

ಒಂದು ವೇದಿಕೆಗೆ ಕಾಲಿಡುವ ಮುಂಚೆ ಕೇಳಿಕೊಳ್ಳಬೇಕಾದದ್ದು: ಇವರಿಗೆ ದುಡ್ಡು ಯಾರಿಂದ ಬರುತ್ತದೆ? ಉತ್ತರ ಸಿಕ್ಕರೆ ಅವರ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಸಿಕ್ಕಿದಂತೆ.

1996ರಲ್ಲಿ ಶುರುವಾದ ಇಂಡಿಯಾಮಾರ್ಟ್ ಮೂಲತಃ ಪಟ್ಟಿ ಮಾಡುವ ಪೇಟೆ. ಮಾರುವವರು ಚಂದಾ ಕಟ್ಟುತ್ತಾರೆ, ಕೊಳ್ಳುವವರ ವಿಚಾರಣೆಗಳು ಅವರಿಗೆ ಸಿಗುತ್ತವೆ. ಒಂದೇ ವಿಚಾರಣೆ ಹಲವು ಮಾರಾಟಗಾರರ ಕೈಗೆ ಹೋಗುತ್ತದೆ. ನೀವು ಒಂದು ಕಂಪ್ರೆಸರ್ ದರ ಕೇಳಿದ ಹತ್ತು ನಿಮಿಷಕ್ಕೆ ಫೋನ್ ಬಡಿದುಕೊಳ್ಳಲು ಶುರುವಾಗುವುದು ಅದಕ್ಕೇ. ವ್ಯವಹಾರ, ಗುಣಮಟ್ಟ, ಸಾಗಣೆ, ಹಣ ಇವೆಲ್ಲ ನಿಮ್ಮಿಬ್ಬರ ನಡುವಿನ ಮಾತು.

ಬೆಂಗಳೂರಿನಲ್ಲಿ 2016ರಲ್ಲಿ ಹುಟ್ಟಿದ ಉಡಾನ್, 2015ರ ಮೊಗ್ಲಿಕ್ಸ್‌ನಂಥವು ಇನ್ನೊಂದು ಬಗೆ. ಇಲ್ಲಿ ಆರ್ಡರ್, ಇನ್ವಾಯ್ಸ್, ಸಾಗಣೆ ವೇದಿಕೆಯ ಮೂಲಕವೇ ನಡೆಯುತ್ತವೆ, ಹಲವೊಮ್ಮೆ ಉದ್ದರಿ ಕೂಡ. ಉಡಾನ್‌ನ ಗಿರಾಕಿ ಕಿರಾಣಿ ಅಂಗಡಿ. ಮೊಗ್ಲಿಕ್ಸ್‌ನದು ಕಾರ್ಖಾನೆಯ ಸ್ಟೋರ್ಸ್ ವಿಭಾಗ, ಎಂದರೆ ಕೈಗವಸು, ಡ್ರಿಲ್ ಬಿಟ್, ಗ್ರೀಸ್, ಸ್ವಿಚ್‌ಗೇರ್. ಇನ್ನು 2018ರಲ್ಲಿ ಇದೇ ಊರಿನಲ್ಲಿ ಶುರುವಾದ ಝೆಟ್‌ವರ್ಕ್ ಡ್ರಾಯಿಂಗ್ ತೆಗೆದುಕೊಂಡು ವರ್ಕ್‌ಶಾಪುಗಳಿಗೆ ಕೆಲಸ ಹಂಚುವ ಬಗೆಯದು. ಕೊಳ್ಳುವವರಿಗೆ ಇದು ಪೇಟೆಯಂತೆ ಕಾಣುತ್ತದೆ. ಮಾಡಿಕೊಡುವ ವರ್ಕ್‌ಶಾಪಿಗೆ ಮಾತ್ರ ಅದು ದೊಡ್ಡ ಗುತ್ತಿಗೆದಾರನಂತೆ.

ನಾಲ್ಕನೆಯದು ದೊಡ್ಡ ಕಂಪನಿಗಳ ಸ್ವಂತ ಖರೀದಿ ಪೋರ್ಟಲ್, ಬಹುಪಾಲು ಎಸ್‌ಎಪಿ ಅರಿಬಾದಂಥ ತಂತ್ರಾಂಶದ ಮೇಲೆ ನಿಂತದ್ದು. ಐದನೆಯದು ಸರ್ಕಾರದ ಜೆಮ್. ಅದಕ್ಕೆ ಆಮೇಲೆ ಬರುತ್ತೇನೆ.

ಚರಿತ್ರೆಯಲ್ಲಿ ಒಂದೇ ಒಂದು ಘಟನೆ ಸಾಕು. 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ಫ್ರೀಮಾರ್ಕೆಟ್ಸ್ ಕಂಪನಿ ಕೈಗಾರಿಕಾ ಬಿಡಿಭಾಗಗಳಿಗೆ ಆನ್‌ಲೈನ್ ರಿವರ್ಸ್ ಹರಾಜು, ಅಂದರೆ ದರ ಇಳಿಯುತ್ತಾ ಹೋಗುವ ಹರಾಜು, ನಡೆಸಿ ಹೆಸರು ಮಾಡಿತು. ಅದನ್ನು ನೋಡಿ 2000ದಲ್ಲಿ ಜನರಲ್ ಮೋಟರ್ಸ್, ಫೋರ್ಡ್, ಡೈಮ್ಲರ್‌ಕ್ರೈಸ್ಲರ್ ಸೇರಿ ಕೋವಿಸಿಂಟ್ ಎಂಬ ಪೇಟೆ ಕಟ್ಟಿದವು. ಮೂರು ದೈತ್ಯರ ಖರೀದಿಯೆಲ್ಲ ಒಂದೇ ಕಡೆ! ಆದರೆ ಬಿಡಿಭಾಗ ಮಾಡುವವರಿಗೆ ಅಲ್ಲಿ ದರ ಕೆಳಗಿಳಿಯುವುದು ಬಿಟ್ಟರೆ ಬೇರೇನೂ ಸಿಗುವಂತಿರಲಿಲ್ಲ. ಹರಾಜಿನ ವ್ಯವಹಾರ ನಿಲ್ಲಲಿಲ್ಲ, 2004ರಲ್ಲಿ ಕೋವಿಸಿಂಟ್ ಬೇರೆಯವರ ಪಾಲಾಯಿತು. ಫ್ರೀಮಾರ್ಕೆಟ್ಸ್ ಕೂಡ ಅದೇ ವರ್ಷ ಅರಿಬಾದಲ್ಲಿ ಸೇರಿಹೋಯಿತು. ಮಾರುವವರಿಗೆ ಬರೀ ಹಿಂಡಿಕೊಳ್ಳುವ ಜಾಗವಾದರೆ ಪೇಟೆಯಲ್ಲಿ ಒಳ್ಳೆಯ ಮಾರಾಟಗಾರರು ನಿಲ್ಲುವುದಿಲ್ಲ. ಇಂದಿನ ವೇದಿಕೆಗಳು ಉದ್ದರಿ, ಸಾಗಣೆ, ಬೇಗ ಪಾವತಿ ಎಂದು ಬೆನ್ನು ಹತ್ತಿರುವುದರ ಹಿಂದೆ ಈ ಪಾಠವಿದೆ.

ಸರಕಿನ ವಿವರ: ಅರ್ಧ ಜಗಳ ಇಲ್ಲೇ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ದರ ನಮೂದಿಸುವ ಮೊದಲು ಖರೀದಿದಾರರು ಚೀಲದ ಸಾಲುಗಳ ನಡುವೆ ಓಡಾಡಿ, ಕಾಯಿ ಕೈಗೆತ್ತಿಕೊಂಡು, ಬಣ್ಣ, ಸುಕ್ಕು, ತೇವ ನೋಡುತ್ತಾರೆ. ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಜೊತೆ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆ ಕಟ್ಟಿ, 2014ರಿಂದ ಎಪಿಎಂಸಿಗಳನ್ನು ಆನ್‌ಲೈನಿಗೆ ತಂದಿತು. ಕೇಂದ್ರದ ಕೃಷಿ ಮಾರುಕಟ್ಟೆ ಜಾಲ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ಹರಾಜು ಆನ್‌ಲೈನ್ ಆಗಲು ತಡವಾಗಲಿಲ್ಲ. ಕಾಣದ ಸರಕಿಗೆ ದೂರದೂರಿನ ವ್ಯಾಪಾರಿ ಬೆಲೆ ಕಟ್ಟಬೇಕಾದರೆ ಗುಣಮಟ್ಟ ಪರೀಕ್ಷೆಯ ವರದಿ ಬೇಕು, ಅದನ್ನು ನಂಬಬೇಕು. ಕಷ್ಟ ಇರುವುದು ಅಲ್ಲಿ.

ಕಾರ್ಖಾನೆಯ ಸರಕಿಗೆ ಆ ವರದಿಯ ಜಾಗದಲ್ಲಿರುವುದು ಸ್ಪೆಸಿಫಿಕೇಶನ್. ಅದನ್ನು ಬರೆಯುವುದರಲ್ಲಿ ಆಗುವ ತಪ್ಪುಗಳು ಬಹುಮಟ್ಟಿಗೆ ಒಂದೇ ಥರ. ಬೋಲ್ಟ್ ತೆಗೆದುಕೊಳ್ಳಿ. “ಎಂ12 ಬೋಲ್ಟ್, 50 ಮಿ.ಮೀ., ಸಾವಿರ” ಎಂದು ಬರೆದರೆ ಅದು ಅರ್ಧ ವಿವರ. ಗ್ರೇಡ್ 4.6 ಬೇಕೋ 8.8 ಬೇಕೋ? ಪೂರ್ತಿ ಎಳೆಯೋ ಅರ್ಧ ಎಳೆಯೋ? ಪಿಚ್ ಮಾಮೂಲಿ 1.75 ಮಿ.ಮೀ.ಯೋ, ಫೈನ್ ಎಳೆಯೋ? ಕಪ್ಪು, ಜಿಂಕ್ ಅಥವಾ ಹಾಟ್ ಡಿಪ್? ನಟ್, ವಾಷರ್ ಸೇರಿಯೋ, ಬಿಟ್ಟೋ? 8.8 ಎಂದರೆ ಎಳೆತದ ಬಲ ಕನಿಷ್ಠ 800 ಮೆಗಾಪಾಸ್ಕಲ್, 4.6ಕ್ಕೆ 400. ಅರ್ಧದಷ್ಟು ಬಲದ ಬೋಲ್ಟ್ ಮೇಲ್ನೋಟಕ್ಕೆ ಹಾಗೇ ಇರುತ್ತದೆ, ತಲೆಯ ಮೇಲಿನ ಗುರುತು ನೋಡಿದರಷ್ಟೇ ತಿಳಿಯುವುದು.

ಮತ್ತೆ ಅಳತೆಯ ಏಕಮಾನ. ಬೋಲ್ಟನ್ನು ಕೆಲವರು ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ, ಕೆಲವರು ನಗ ಲೆಕ್ಕದಲ್ಲಿ, ಇನ್ನು ಕೆಲವರು 100ರ ಡಬ್ಬಿ. ಎಂ12 × 50 ಬೋಲ್ಟ್ ಒಂದಕ್ಕೆ ಸುಮಾರು 50–60 ಗ್ರಾಂ, ಅಂದರೆ ಕೆ.ಜಿ.ಗೆ 17–20 ನಗ. ನಿಮ್ಮ ತಂತ್ರಾಂಶದಲ್ಲಿ ಐಟಂ “ನಗ” ಎಂದಿದ್ದು, ಮಾರಾಟಗಾರರ ಪಟ್ಟಿ “ಡಬ್ಬಿ” ಎಂದಿದ್ದರೆ, 1,000 ಎಂಬ ಆರ್ಡರ್ ಒಂದು ಲಕ್ಷ ಬೋಲ್ಟ್ ಆಗಿಬಿಡಬಹುದು. ಹೆಚ್ಚಿನ ಬಾರಿ ಮೊತ್ತ ನೋಡಿ ಯಾರಾದರೂ ಹಿಡಿಯುತ್ತಾರೆ. ಉಲ್ಟಾ ಆದಾಗ ಹಿಡಿಯುವುದಿಲ್ಲ: ಸಾವಿರ ನಗ ಬೇಕಿದ್ದಲ್ಲಿ ಹತ್ತು ನಗ ಬಂದು ಅಸೆಂಬ್ಲಿ ಲೈನ್ ನಿಲ್ಲುತ್ತದೆ.

ಇದಕ್ಕೆ ಔಷಧ ಸರಳ, ಆದರೆ ಬೇಸರದ್ದು. ನೀವು ಪದೇ ಪದೇ ಕೊಳ್ಳುವ ಐಟಂಗಳ ಒಂದು ಪಟ್ಟಿ ಮಾಡಿ. ಪ್ರತಿ ಐಟಂಗೆ ಒಂದೇ ಕೋಡ್, ಒಂದೇ ಏಕಮಾನ, ಪೂರ್ತಿ ವಿವರ, ಒಪ್ಪಿಗೆಯಾದ ಬ್ರಾಂಡ್ ಎರಡು ಮೂರು, ತಿರಸ್ಕರಿಸಲು ಕಾರಣವಾಗುವ ಒಂದೆರಡು ಅಂಶ. ವೇದಿಕೆಯ ವಿವರವನ್ನು ಎಂದಿಗೂ ನಕಲು ಮಾಡಿ ಪಿಒಗೆ (ಖರೀದಿ ಆದೇಶಕ್ಕೆ) ಅಂಟಿಸಬೇಡಿ. ನಿಮ್ಮ ವಿವರ ಪಿಒದಲ್ಲಿ ಇರಲಿ, ಅವರ ಪುಟ ನಾಳೆ ಬದಲಾಗಬಹುದು. ಈ ಕೆಲಸಕ್ಕೆ ಎರಡು ವಾರ ಕೂತ ಸ್ಟೋರ್ಸ್ ಇನ್‌ಚಾರ್ಜ್ ಯಾವ ಹರಾಜಿಗಿಂತಲೂ ಹೆಚ್ಚು ಉಳಿಸಿಕೊಡುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಟೇಶನ್ ಹೋಲಿಕೆ

ವಿವರ ಸರಿಯಾದ ಮೇಲೆ ದರ. ಇಲ್ಲಿ ಒಂದು ಲೆಕ್ಕ ಬಿಡಿಸಿ ನೋಡೋಣ. 2,000 ಕೆ.ಜಿ. ಫಾಸ್ಟನರ್‌ಗೆ ಎರಡು ಕೊಟೇಶನ್. ಒಂದು ಲುಧಿಯಾನಾದಿಂದ: ಕೆ.ಜಿ.ಗೆ 96 ರೂಪಾಯಿ, ಅವರ ಫ್ಯಾಕ್ಟರಿ ಬಾಗಿಲಲ್ಲಿ, ಪೂರ್ತಿ ಅಡ್ವಾನ್ಸ್. ಇನ್ನೊಂದು ಬೆಂಗಳೂರಿನದು: 101 ರೂಪಾಯಿ, ನಿಮ್ಮ ಗೋದಾಮಿಗೆ ತಲುಪಿಸಿ, 45 ದಿನ ಉದ್ದರಿ. ಪರದೆಯ ಮೇಲೆ ಮೊದಲನೆಯದು ಎಲ್1, ಅಂದರೆ ಅತಿ ಕಡಿಮೆ ದರದ್ದು.

ಲುಧಿಯಾನಾದ ಸರಕಿಗೆ ಲಾರಿ ಬಾಡಿಗೆ ಕೆ.ಜಿ.ಗೆ ನಾಲ್ಕೂವರೆ ರೂಪಾಯಿ ಎಂದಿಡಿ. 100.50 ಆಯಿತು. ದಾರಿಯಲ್ಲಿ 12 ದಿನ. ನಿಮ್ಮ ದುಡ್ಡು ಸರಕು ಬರುವುದಕ್ಕೆ 12 ದಿನ ಮೊದಲೇ ಹೋಗಿದೆ. ಬೆಂಗಳೂರಿನವರಿಗೆ ಸರಕು ಬಂದ 45 ದಿನದ ಮೇಲೆ ಹೋಗುತ್ತದೆ. ಅಂತರ 57 ದಿನ. ಅಡ್ವಾನ್ಸ್ ಕಟ್ಟುವುದು ಶೇ. 18 ಜಿಎಸ್‌ಟಿ ಸೇರಿಸಿ 113.28. ನಿಮ್ಮ ಓಡಿ (ಓವರ್‌ಡ್ರಾಫ್ಟ್) ಖಾತೆಯ ಬಡ್ಡಿ ಶೇ. 12 ಆದರೆ 57 ದಿನಕ್ಕೆ 2.12 ರೂಪಾಯಿ. ಒಟ್ಟು 102.62. ಎಲ್1 ಎಂದು ಕಂಡದ್ದು ನಿಜದಲ್ಲಿ 1.62 ರೂಪಾಯಿ ದುಬಾರಿ. ಇಡೀ ಲಾಟಿಗೆ 3,240 ರೂಪಾಯಿ. ಎರಡು ಸಾವಿರ ಕಿಲೋಮೀಟರಿಗೂ ಆಚೆಯಿಂದ ಬಂದದ್ದು ತಿರಸ್ಕಾರವಾದರೆ ವಾಪಸ್ ಕಳಿಸುವ ಬಾಡಿಗೆ ಯಾರದು ಎಂಬ ಪ್ರಶ್ನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬಡ್ಡಿ ಕಡಿಮೆ ಇರುವ, ಕೈಯಲ್ಲಿ ನಗದು ಇರುವ ಕಂಪನಿಗೆ ಇದೇ ಲೆಕ್ಕ ತಿರುಗಬಹುದು. ಒಬ್ಬರ ಎಲ್1 ಇನ್ನೊಬ್ಬರ ಎಲ್1 ಅಲ್ಲ. ಆದ್ದರಿಂದ ದರ ಕೇಳುವಾಗಲೇ ಎಲ್ಲರಿಗೂ ಒಂದೇ ನೆಲೆ ಹಾಕಿ: ನಿಮ್ಮ ಗೋದಾಮಿಗೆ ತಲುಪಿಸಿ, ಪ್ಯಾಕಿಂಗ್ ಸೇರಿ, ಜಿಎಸ್‌ಟಿ ಬೇರೆ ತೋರಿಸಿ, ಇಷ್ಟು ದಿನ ಉದ್ದರಿ, ದರ ಇಂಥ ದಿನಾಂಕದವರೆಗೆ. ಉಕ್ಕು, ತಾಮ್ರದ ಸರಕಿಗೆ ಆ ಕೊನೆಯದು ಬಹಳ ಮುಖ್ಯ.

ರಿವರ್ಸ್ ಹರಾಜು

ಕೊಳ್ಳುವವರು ಒಬ್ಬರು, ಮಾರುವವರು ಹಲವರು, ದರ ಇಳಿಯುತ್ತಾ ಹೋಗುತ್ತದೆ. ಆರಂಭದ ದರ, ಒಂದು ಸಲಕ್ಕೆ ಕನಿಷ್ಠ ಎಷ್ಟು ಇಳಿಸಬೇಕು, ಎಷ್ಟು ಹೊತ್ತು ಎಂಬುದು ಮೊದಲೇ ಗೊತ್ತು. ಕೊನೆಯ ಕೆಲವು ನಿಮಿಷಗಳಲ್ಲಿ ಯಾರಾದರೂ ಇಳಿಸಿದರೆ ಸಮಯ ತಾನಾಗಿ ಮುಂದೆ ಹೋಗುತ್ತದೆ. ಕೊನೇ ಸೆಕೆಂಡಿನಲ್ಲಿ ಹಾಕಿ ಗೆಲ್ಲುವ ಚಾಲಾಕಿತನ ನಡೆಯದಿರಲಿ ಎಂದು. ಕೆಲವು ವೇದಿಕೆಗಳಲ್ಲಿ ಅತಿ ಕಡಿಮೆ ದರ ಕಾಣುತ್ತದೆ, ಕೆಲವದರಲ್ಲಿ ನಿಮ್ಮ ಸ್ಥಾನ ಎಷ್ಟನೆಯದು ಎಂಬುದಷ್ಟೇ.

ಮಾರುವವರ ಕಡೆಯಿಂದ ನೋಡಿ. ಒಂದು ಮಷೀನ್ ಮಾಡಿದ ಬಿಡಿಭಾಗಕ್ಕೆ ನಿಮ್ಮ ದರ 100. ಕಚ್ಚಾಮಾಲು 55, ಮಷೀನಿಂಗ್, ವಿದ್ಯುತ್, ಕೂಲಿ, ಪ್ಯಾಕಿಂಗ್ 33. ಉಳಿಕೆ 12. ಒಂದೊಂದು ರೂಪಾಯಿಯಂತೆ ಏಳು ಸಲ ಇಳಿಸಿದರೆ 93ಕ್ಕೆ ಆರ್ಡರ್ ನಿಮ್ಮದು, ಉಳಿಕೆ 5. ಪಾವತಿ 90 ದಿನಕ್ಕೆ ಬಂದರೆ ಶೇ. 12ರಂತೆ ಬಡ್ಡಿ 2.75. ಈಗ ಕೈಯಲ್ಲಿರುವುದು 2.25. ನೂರಕ್ಕೆ ಮೂರು ಪೀಸ್ ರಿಜೆಕ್ಟ್ ಆದರೆ ಅದೂ ಹೋಯಿತು. ಹರಾಜಿಗೆ ಕೂರುವ ಮೊದಲು ನಿಲ್ಲಿಸಬೇಕಾದ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟು, ಮೌಸ್ ಹಿಡಿಯುವವರ ಕೈಗೆ ಕೊಡಿ. ಆ ಮೌಸ್ ಮಾಲೀಕರ ಕೈಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು, ಪೈಪೋಟಿಯ ಬಿಸಿ ಮಾಲೀಕರಿಗೇ ಬೇಗ ಏರುವುದು.

ಕೊಳ್ಳುವವರೂ ಎಲ್ಲಕ್ಕೂ ಇದನ್ನು ಹಚ್ಚಬಾರದು. ನಿಜವಾಗಿ ಮಾಡಿಕೊಡಬಲ್ಲವರು ನಾಲ್ಕೈದು ಮಂದಿಯಾದರೂ ಇರಬೇಕು, ವಿವರದಲ್ಲಿ ಸಂದಿಗ್ಧ ಇರಬಾರದು, ಒಬ್ಬರಿಂದ ಇನ್ನೊಬ್ಬರಿಗೆ ಬದಲಾಯಿಸಲು ಖರ್ಚಾಗಬಾರದು. ಪ್ಯಾಕಿಂಗ್ ರಟ್ಟು, ಕೇಬಲ್, ಸ್ಟೇಷನರಿಗೆ ಸರಿ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮಾಡಿಸಿ, ಸ್ಯಾಂಪಲ್ ಮೂರು ಸಲ ತಿದ್ದಿಸಿ ಒಪ್ಪಿದ ಎರಕಕ್ಕೆ ಹರಾಜು ಕರೆದರೆ, ಗೆದ್ದವರು ಮೊದಲಿನಿಂದ ಎಲ್ಲವನ್ನೂ ಮಾಡಬೇಕು. ಮೂರು ತಿಂಗಳು ಹೋಗುತ್ತದೆ, ಉಳಿಸಿದ ಶೇ. 4 ಎಲ್ಲೋ ಕರಗಿರುತ್ತದೆ.

ಮತ್ತೊಂದು ಕಾಯಿಲೆ ಒಳಒಪ್ಪಂದ. ಮೂವರು ಬಂದಿದ್ದಾರೆ, ಇಬ್ಬರು ಒಂದು ಸಲವೂ ಇಳಿಸುವುದಿಲ್ಲ, ಮುಂದಿನ ತಿಂಗಳು ಸರದಿ ಇನ್ನೊಬ್ಬರದು. ದಾಖಲೆಯ ಫೈಲುಗಳಲ್ಲಿ ಒಂದೇ ಕಾಗುಣಿತ ತಪ್ಪು, ಒಂದೇ ಐಪಿ ವಿಳಾಸ, ಒಂದೇ ಬ್ಯಾಂಕ್ ಶಾಖೆಯಿಂದ ಒಂದೇ ದಿನದ ಗ್ಯಾರಂಟಿ: ಇವು ಸುಳಿವು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಬಿಡ್ ಹೊಂದಾಣಿಕೆ ನಿಷಿದ್ಧ. “ನಮ್ಮ ಸ್ನೇಹಿತರಿಗೆ ಒಂದು ಕವರ್ ಕೊಟೇಶನ್ ಕೊಟ್ಟೆ”, ಅಂದರೆ ಅವರು ಗೆಲ್ಲಲಿ ಎಂದು ಬೇಕೆಂದೇ ಹೆಚ್ಚಿನ ದರ ಹಾಕಿದೆ, ಎನ್ನುವವರೂ ಅದರ ಒಳಗೇ ಬರುತ್ತಾರೆ.

ಜೆಮ್

ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್, 2016ರ ಆಗಸ್ಟ್ 9ರಂದು ಶುರುವಾಯಿತು. ಅದುವರೆಗೆ ಕೇಂದ್ರದ ಖರೀದಿ ದರ ಗೊತ್ತು ಮಾಡುತ್ತಿದ್ದ ಡಿಜಿಎಸ್‌ ಆಂಡ್ ಡಿ ಇಲಾಖೆಯನ್ನು 2017ರಲ್ಲಿ ಮುಚ್ಚಲಾಯಿತು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮ ಜೆಮ್ ಖರೀದಿಯ ದಾರಿ ಹೇಳುತ್ತದೆ. ಮಿತಿಗಳು ಹಲವು ಬಾರಿ ಬದಲಾಗಿವೆ. ಈಗಿರುವಂತೆ 50,000 ರೂಪಾಯಿವರೆಗೆ ಅಧಿಕಾರಿ ಸೂಕ್ತವೆನಿಸಿದ ಯಾವ ಮಾರಾಟಗಾರರಿಂದಲಾದರೂ ನೇರ ಕೊಳ್ಳಬಹುದು. ಅಲ್ಲಿಂದ 10 ಲಕ್ಷದವರೆಗೆ ಕನಿಷ್ಠ ಮೂವರು ತಯಾರಕರ ಸರಕು ಹೋಲಿಸಿ, ಅತಿ ಕಡಿಮೆ ದರದವರಿಂದ. ಅದಕ್ಕೂ ಮೇಲೆ ಬಿಡ್ ಅಥವಾ ರಿವರ್ಸ್ ಹರಾಜು. ಮಿತಿಯ ಕೆಳಗೆ ಉಳಿಯಲು ಬೇಡಿಕೆಯನ್ನು ತುಂಡು ತುಂಡು ಮಾಡುವಂತಿಲ್ಲ ಎಂದು 157ನೇ ನಿಯಮ ಹೇಳುತ್ತದೆ. ಆದರೂ 49,900 ರೂಪಾಯಿಯ ಆರ್ಡರುಗಳು ಏಕೆ ಅಷ್ಟೊಂದು ಎಂದು ಆಡಿಟ್‌ನವರು ಕೇಳುತ್ತಲೇ ಇರುತ್ತಾರೆ. ಕರ್ನಾಟಕದ ಇಲಾಖೆಗಳಿಗೆ ಇದರ ಜೊತೆ 1999ರ ನಮ್ಮದೇ ಪಾರದರ್ಶಕತೆ ಕಾಯ್ದೆ ಇದೆ, ನಮ್ಮದೇ ಖರೀದಿ ಪೋರ್ಟಲ್ ಇದೆ. ಜೆಮ್ ನಿಯಮವನ್ನು ರಾಜ್ಯದ ಟೆಂಡರಿಗೆ ಹಾಗೇ ಅನ್ವಯಿಸಿಕೊಳ್ಳಬೇಡಿ.

ಮಾರುವವರಿಗೆ ಬಿಡ್ ದಾಖಲೆಯಲ್ಲಿ ಮೊದಲು ಓದಬೇಕಾದದ್ದು ಕೊನೆಯಲ್ಲಿರುತ್ತದೆ: ಖರೀದಿದಾರರು ಸೇರಿಸಿದ ಹೆಚ್ಚುವರಿ ಷರತ್ತುಗಳು. ಇಷ್ಟು ವರ್ಷದ ಅನುಭವ, ಇಂಥ ಊರಿನಲ್ಲಿ ಸರ್ವಿಸ್ ಕೇಂದ್ರ, ಇಂಥ ಪ್ರಯೋಗಾಲಯದ ವರದಿ. ಕೆಲವು ನ್ಯಾಯವಾದವು, ಕೆಲವನ್ನು ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುತ್ತವೆ. ಆಕ್ಷೇಪ ಎತ್ತಲು ಅವಕಾಶವಿರುವುದು ಬಿಡ್ ಮುಚ್ಚುವ ಮೊದಲು. ಸೋತ ಮೇಲೆ ಎತ್ತಿದ ಆಕ್ಷೇಪಕ್ಕೆ ಕಿಮ್ಮತ್ತು ಕಡಿಮೆ.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇಲ್ಲಿ ನಿಜವಾದ ಅನುಕೂಲ ಇದೆ. ಕೇಂದ್ರದ ಖರೀದಿಯಲ್ಲಿ ವರ್ಷಕ್ಕೆ ಕನಿಷ್ಠ ಶೇ. 25 ಇವರಿಂದ ಆಗಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಶೇ. 4, ಮಹಿಳಾ ಉದ್ಯಮಿಗಳಿಗೆ ಶೇ. 3. ನಿಮ್ಮ ದರ ಎಲ್1ಗಿಂತ ಶೇ. 15ರವರೆಗೆ ಹೆಚ್ಚಿದ್ದು, ಎಲ್1 ಸಣ್ಣ ಉದ್ಯಮವಲ್ಲದಿದ್ದರೆ, ಎಲ್1 ದರಕ್ಕೆ ಇಳಿಯಲು ಒಪ್ಪಿ ಒಂದು ಪಾಲು ಪಡೆಯಬಹುದು. ಬಿಡ್ ಠೇವಣಿಯಿಂದ ವಿನಾಯಿತಿಯೂ ಇದೆ. ಆದರೆ ಇದೆಲ್ಲ ಸರಕನ್ನು ತಾವೇ ತಯಾರಿಸುವವರಿಗೆ. ಸಣ್ಣ ಉದ್ಯಮವೆಂಬ ಉದ್ಯಮ್ ಪ್ರಮಾಣಪತ್ರವಿದ್ದರೂ ಬರೀ ತಂದು ಮಾರುವ ವ್ಯಾಪಾರಿಗೆ ಸಿಗುವುದಿಲ್ಲ. ವಿನಾಯಿತಿ ಇದೆ ಎಂದು ಠೇವಣಿ ಕಟ್ಟದೆ ಬಿಟ್ಟು ತಾಂತ್ರಿಕ ಹಂತದಲ್ಲೇ ಹೊರಬೀಳುವ ವ್ಯಾಪಾರಿಗಳು ಬಹಳ.

ಸರಕು ಮುಟ್ಟಿದ ಮೇಲಿನ ಹಂತಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಸರಕು ತಲುಪಿದ 48 ಗಂಟೆಯೊಳಗೆ ಸ್ವೀಕರಿಸುವ ಅಧಿಕಾರಿ ತಾತ್ಕಾಲಿಕ ರಸೀದಿ, ಪಿಆರ್‌ಸಿ, ಹಾಕಬೇಕು. ಪರೀಕ್ಷಿಸಿ 10 ದಿನದಲ್ಲಿ ಸ್ವೀಕಾರ ಪ್ರಮಾಣಪತ್ರ, ಸಿಆರ್‌ಎಸಿ. ಅದಾದ 10 ದಿನದಲ್ಲಿ ಹಣ. ಹಣ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಮೊದಲ ಹಂತದಲ್ಲಿ. ಲಾರಿ ಚಾಲಕ ಗೇಟಿನಲ್ಲಿ ಸರಕು ಇಳಿಸಿ, ಸೆಕ್ಯೂರಿಟಿಯ ಸಹಿ ತಂದಿರುತ್ತಾನೆ. ಪೋರ್ಟಲ್‌ನಲ್ಲಿ ಹೆಸರಿರುವ ಅಧಿಕಾರಿಗೆ ಸರಕು ಬಂದದ್ದೇ ಗೊತ್ತಿರುವುದಿಲ್ಲ, ಅಥವಾ ಅವರಿಗೆ ವರ್ಗವಾಗಿರುತ್ತದೆ. ಡೆಲಿವರಿ ಚಲನ್ ಮೇಲೆ ಆ ಅಧಿಕಾರಿಯ ಹೆಸರು, ಮೊಹರು, ದಿನಾಂಕ ಬೇಕು. ಅದೇ ದಿನ ಪೋರ್ಟಲ್‌ಗೆ ಏರಿಸಿ, ಮರುದಿನ ಒಂದು ಫೋನ್ ಮಾಡಿ.

ಎದುರಿಗಿರುವುದು ಯಾರು?

ಖಾಸಗಿ ವೇದಿಕೆಗಳಲ್ಲಿ ಅಡ್ವಾನ್ಸ್ ತೆಗೆದುಕೊಂಡು ಮಾಯವಾಗುವವರು ಇದ್ದಾರೆ. “ವೆರಿಫೈಡ್” ಎಂಬ ಹಸಿರು ಗುರುತಿಗೆ ಮರುಳಾಗದೆ ಜಿಎಸ್‌ಟಿ ಸಂಖ್ಯೆಯನ್ನು ನೀವೇ ಓದಿ. ಒಟ್ಟು 15 ಅಕ್ಷರ. ಮೊದಲೆರಡು ರಾಜ್ಯ: ಕರ್ನಾಟಕ 29, ತಮಿಳುನಾಡು 33, ಮಹಾರಾಷ್ಟ್ರ 27, ಗುಜರಾತ್ 24, ಪಂಜಾಬ್ 03. ಮುಂದಿನ ಹತ್ತು ಪ್ಯಾನ್. ಸಂಖ್ಯೆಯ ಆರನೆಯ ಅಕ್ಷರ, ಅಂದರೆ ಪ್ಯಾನ್‌ನ ನಾಲ್ಕನೆಯದು, ಯಾರೆಂದು ಹೇಳುತ್ತದೆ: ಸಿ ಇದ್ದರೆ ಕಂಪನಿ, ಎಫ್ ಇದ್ದರೆ ಪಾಲುದಾರಿಕೆ, ಪಿ ಇದ್ದರೆ ವ್ಯಕ್ತಿ. ಲೆಟರ್‌ಹೆಡ್ಡಿನಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿದ್ದು ಆರನೆಯ ಜಾಗದಲ್ಲಿ ಪಿ ಇದ್ದರೆ ಮುಂದೆ ಹೋಗಬೇಡಿ.

ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದೇ ಸಂಖ್ಯೆ ಹಾಕಿ. ನೋಂದಣಿ ಜೀವಂತವಿದೆಯೇ, ಎಷ್ಟು ಹಳೆಯದು, ರಿಟರ್ನ್ ತಿಂಗಳು ತಿಂಗಳು ಹಾಕಿದ್ದಾರೆಯೇ ಎಲ್ಲವೂ ಉಚಿತವಾಗಿ ಕಾಣುತ್ತದೆ. ಎರಡು ತಿಂಗಳ ಹಿಂದೆ ನೋಂದಣಿಯಾದವರು “20 ವರ್ಷದ ಅನುಭವ” ಎಂದರೆ ಏನೆಂದು ಕೇಳಿ. ಬ್ಯಾಂಕ್ ಖಾತೆಗೆ ಮೊದಲು ಒಂದು ರೂಪಾಯಿ ಕಳಿಸಿ ಖಾತೆದಾರರ ಹೆಸರು ತಾಳೆ ನೋಡಿ. ಹಳೆಯ ಸಪ್ಲೈಯರ್ ಹೆಸರಿನಲ್ಲಿ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂದು ಇಮೇಲ್ ಬಂದರೆ, ಆ ಇಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ.

ಕಾಗದ ಮತ್ತು ಹಣ

ಪಿಒ, ಸರಕು ಬಂದದ್ದರ ದಾಖಲೆ ಜಿಆರ್‌ಎನ್, ಇನ್ವಾಯ್ಸ್ ಮೂರೂ ತಾಳೆಯಾದರೆ ಮಾತ್ರ ಅಕೌಂಟ್ಸ್‌ನವರು ಹಣ ಬಿಡುತ್ತಾರೆ. ಪಿಒದಲ್ಲಿ 500 ನಗ, ಬಂದದ್ದು 480, ಇನ್ವಾಯ್ಸ್ 500ಕ್ಕೆ ಎಂದಾದರೆ ಅಲ್ಲಿಗೆ ನಿಂತಿತು. ಇಪ್ಪತ್ತಕ್ಕೆ ಕ್ರೆಡಿಟ್ ನೋಟ್ ಬರುವವರೆಗೆ 480ರ ಹಣವೂ ಸಿಗುವುದಿಲ್ಲ. ಮಾರುವವರು ಹೊರಡಿಸುವ ಮುನ್ನ ಎಣಿಸಿ, ಕಳಿಸಿದ್ದಕ್ಕಷ್ಟೇ ಇನ್ವಾಯ್ಸ್ ಹಾಕಿದರೆ ಈ ತಾಪತ್ರಯವೇ ಇಲ್ಲ.

ಸಾಗಣೆಗೆ ಬೇಕಾದ ಇ-ವೇ ಬಿಲ್ 50,000 ರೂಪಾಯಿ ಮೀರಿದ ಸರಕಿಗೆ. ಅದರ ಆಯುಸ್ಸು 200 ಕಿ.ಮೀ.ಗೆ ಒಂದು ದಿನ. ಸುಮಾರು 2,400 ಕಿ.ಮೀ. ಎಂದರೆ 12 ದಿನ. ಪಾರ್ಸೆಲ್ ಲಾರಿ ನಾಗಪುರದಲ್ಲಿ ನಾಲ್ಕು ದಿನ ನಿಂತರೆ ಅವಧಿ ಮುಗಿಯುತ್ತದೆ. ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ ವಿಸ್ತರಿಸಲು ಬರುತ್ತದೆ. ಲಾರಿ ಬದಲಾದರೆ ಹೊಸ ನಂಬರ್ ಸೇರಿಸಲೇಬೇಕು.

ಕೊಳ್ಳುವವರಿಗೆ ದೊಡ್ಡ ಅಪಾಯ ಜಿಎಸ್‌ಟಿ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ. ಮಾರಿದವರು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ನಿಮ್ಮ ಇನ್ವಾಯ್ಸ್ ತೋರಿಸಿದರೆ ಮಾತ್ರ ಅದು ನಿಮ್ಮ ಕ್ರೆಡಿಟ್ ಪಟ್ಟಿಯಾದ 2ಬಿಯಲ್ಲಿ ಬರುತ್ತದೆ. ತಿಂಗಳ ರಿಟರ್ನ್‌ಗೆ ಗಡುವು ಮುಂದಿನ ತಿಂಗಳ 11, 2ಬಿ ತಯಾರಾಗುವುದು 14ಕ್ಕೆ. ಅಲ್ಲಿ ಬರದಿದ್ದರೆ ಶೇ. 18 ನಿಮ್ಮ ಕೈಬಿಟ್ಟಂತೆ, ಶೇ. 3 ದರ ಉಳಿಸಲು ಹೋಗಿ ರಿಟರ್ನ್ ಹಾಕದವರ ಹತ್ತಿರ ಕೊಂಡವರ ಗತಿ ಇದು. ನೀವು 180 ದಿನದೊಳಗೆ ಹಣ ಕೊಡದಿದ್ದರೆ ತೆಗೆದುಕೊಂಡ ಕ್ರೆಡಿಟ್ ಅನ್ನೂ ಬಡ್ಡಿ ಸೇರಿಸಿ ವಾಪಸ್ ಕಟ್ಟಬೇಕು. ಇನ್ನು ವೇದಿಕೆಯೇ ಹಣ ಪಡೆದು ಮಾರಾಟಗಾರರಿಗೆ ಕೊಡುವುದಾದರೆ ಜಿಎಸ್‌ಟಿಯ ಶೇ. 0.5 ಟಿಸಿಎಸ್, ಆದಾಯ ತೆರಿಗೆಯ ಶೇ. 0.1 ಟಿಡಿಎಸ್ ಹಿಡಿದು ಕೊಡುತ್ತದೆ. ಎರಡೂ ಮಾರಿದವರ ಲೆಕ್ಕಕ್ಕೆ ಜಮೆಯಾಗುತ್ತವೆ, ಆದರೆ ಟಿಸಿಎಸ್ ಅನ್ನು ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಮಾತ್ರ.

ಕೊನೆಗೆ ಮಾರುವವರ ಬಾಕಿ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿ. ಬ್ಯಾಂಕ್ ದರ 6 ಇದ್ದರೆ 18. 2025ರ ಏಪ್ರಿಲ್‌ನಿಂದ ಸಣ್ಣ ಉದ್ಯಮದ ಮಿತಿ ಯಂತ್ರೋಪಕರಣದ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ, ಹಾಗಾಗಿ ನಮ್ಮಲ್ಲಿ ಬಹಳ ಮಂದಿ ಇದರೊಳಗಿದ್ದಾರೆ. ಉದ್ಯಮ್ ನೋಂದಣಿ ಸರಬರಾಜಿಗೆ ಮೊದಲೇ ಆಗಿರಲಿ, ಅದರ ಸಂಖ್ಯೆ ಪ್ರತಿ ಇನ್ವಾಯ್ಸ್ ಮೇಲೆ ಅಚ್ಚಾಗಿರಲಿ. ಬಾಕಿ ಉಳಿದ ಮೇಲೆ ನೋಂದಣಿ ಮಾಡಿಸಿ ದೂರು ಹಾಕಿದವರ ಅರ್ಜಿ ನಿಲ್ಲುವುದು ಕಷ್ಟ.

ದೂರು ಕೊಟ್ಟರೆ ಗಿರಾಕಿ ಹೋಗುತ್ತಾನೆ ಎಂಬ ಭಯ ಎಲ್ಲರಿಗೂ ಇದೆ, ಸುಳ್ಳೂ ಅಲ್ಲ. ಅದಕ್ಕೆ ಟ್ರೆಡ್ಸ್ ವೇದಿಕೆ ಒಳ್ಳೆಯ ದಾರಿ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್ವಾಯ್ಸ್‌ಮಾರ್ಟ್ ಮೊದಲು ಪರವಾನಗಿ ಪಡೆದ ಮೂರು. ನಿಮ್ಮ ಇನ್ವಾಯ್ಸ್ ಅಲ್ಲಿ ಏರಿಸುತ್ತೀರಿ, ಕೊಂಡ ಕಂಪನಿ ಒಪ್ಪಿಗೆ ಕೊಡುತ್ತದೆ, ಬ್ಯಾಂಕುಗಳು ಬಡ್ಡಿ ದರಕ್ಕೆ ಪೈಪೋಟಿ ಮಾಡುತ್ತವೆ, ಒಂದೆರಡು ದಿನದಲ್ಲಿ ವಟ್ಟ (ಬಡ್ಡಿಯ ಕಡಿತ) ಕಳೆದು ಹಣ ನಿಮ್ಮ ಖಾತೆಗೆ. ಗಡುವಿನ ದಿನ ಕಂಪನಿ ಬ್ಯಾಂಕಿಗೆ ಕಟ್ಟುತ್ತದೆ. ಕಟ್ಟದಿದ್ದರೂ ಬ್ಯಾಂಕ್ ನಿಮ್ಮ ಮೇಲೆ ಬರುವಂತಿಲ್ಲ. ವಟ್ಟ ಲೆಕ್ಕವಾಗುವುದು ಕಂಪನಿಯ ಸಾಲ ತೀರಿಸುವ ಶಕ್ತಿ ನೋಡಿ, ನಿಮ್ಮದಲ್ಲ. ಹಾಗಾಗಿ ನಿಮ್ಮ ಓಡಿ ಬಡ್ಡಿಗಿಂತ ಸಾಮಾನ್ಯವಾಗಿ ಕಡಿಮೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ನೋಂದಣಿ ಕಡ್ಡಾಯವೇ ಹೊರತು ಪ್ರತಿ ಇನ್ವಾಯ್ಸ್‌ಗೆ ಒಪ್ಪಿಗೆ ಒತ್ತುವುದು ಕಡ್ಡಾಯವಲ್ಲ. ಆದ್ದರಿಂದ ಕಂಪನಿ ಟ್ರೆಡ್ಸ್‌ನಲ್ಲಿ ಇನ್ವಾಯ್ಸ್ ಒಪ್ಪುತ್ತದೆಯೇ, ಎಷ್ಟು ದಿನದಲ್ಲಿ ಎಂಬ ಮಾತನ್ನು ದರ ಮಾತಾಡುವಾಗಲೇ ಎತ್ತಿ, ಪಿಒದ ಪಾವತಿ ಷರತ್ತಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಸರಕು ಹೋದ ಮೇಲೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ.